ಗಾಡಿಯ ಕೆಳಗಿನ ಸದ್ದು

ಕೃಷ್ಣೆಯ ದಡದ ಆ ಸಣ್ಣ ಮಠಕ್ಕೆ ಹೊಳಬಸಪ್ಪ ಬಂದು ಎಂಟು ತಿಂಗಳಾಗಿತ್ತು. ಅಂಗಳ ಗುಡಿಸುತ್ತಿದ್ದ, ಹೊಳೆಯಿಂದ ನೀರು ಹೊರುತ್ತಿದ್ದ. ಕೇಳಿದವರಿಗೆ, ಊರಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದೆ ಎನ್ನುತ್ತಿದ್ದ. ಐವತ್ತು ದಾಟಿದ ಗಂಡಸು ಮನೆಮಠ ಬಿಟ್ಟು ಯಾಕೆ ಬಂದ ಎಂದು ಗುರುಗಳು ವಿಚಾರಿಸಿರಲಿಲ್ಲ.

ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಮಠಕ್ಕೊಂದು ಹಳೇ ಪಿಕಪ್ ಗಾಡಿ ಇತ್ತು. ಗುರುವಾರಕ್ಕೊಮ್ಮೆ ಸುತ್ತಲಿನ ಹಳ್ಳಿಗಳ ರೋಗಿಗಳನ್ನು ಹತ್ತಿಸಿಕೊಂಡು ಅಜ್ಜಾರೇ ಅದನ್ನು ತಾಲೂಕಿನ ಆಸ್ಪತ್ರೆಗೆ ನಡೆಸುತ್ತಿದ್ದರು.

ಆ ಬೇಸಿಗೆಯಲ್ಲಿ ಗಾಡಿಯೊಳಗೆ ಒಂದು ಸದ್ದು ಹುಟ್ಟಿತು. ನಿಧಾನ ಹೋಗುವಾಗ ಇಲಿಮರಿಯ ಹಾಗೆ ಚೀಂವ್ ಚೀಂವ್. ಗೇರು ಬದಲಿಸಿದಾಗ ಕೆಳಗೆಲ್ಲೋ ಟಣ್ ಎಂದು ಒಂದು ಪೆಟ್ಟು.

ಒಂದು ಬೆಳಿಗ್ಗೆ ಅಜ್ಜಾರು ಅವನನ್ನು ಕರೆದರು.

“ಹೊಳಬಸಪ್ಪ, ನೀ ಗ್ಯಾರೇಜಿನ ಮನಷ್ಯಾ ಅಲ್ಲೇನು?”

ಕೈಯಲ್ಲಿದ್ದ ಕಸಬರಿಗೆ ನಿಂತಿತು. “ಯಾರ ಹೇಳಿದ್ರಿ ಅಜ್ಜಾರ?”

“ಗಾಡಿ ಬಂದ್ರ ಎಲ್ಲಾರೂ ಒಳಗ ಯಾರ ಬಂದಾರ ಅಂತ ನೋಡ್ತಾರ. ನೀ ಗಾಡಿ ಕೆಳಗ ನೋಡ್ತಿ.”

ಹೊಳಬಸಪ್ಪ ತಲೆ ತಗ್ಗಿಸಿದ.

“ಆ ಸದ್ದು ಎಲ್ಲಿಂದ ಬರತೈತಿ?”

“ಗೊತ್ತಿಲ್ರಿ.”

“ಹಂಗಾರ ನೋಡು.”

ನೋಡುವ ಅಗತ್ಯವೇ ಇರಲಿಲ್ಲ. ಗೇರ್ ಬಾಕ್ಸಿನಿಂದ ಹಿಂದಿನ ಗಾಲಿಗಳ ತನಕ ಒಂದು ಉದ್ದನೆಯ ಕಬ್ಬಿಣದ ಶಾಫ್ಟು ತಿರುಗುತ್ತದೆ. ಅದರ ಎರಡೂ ತುದಿಗೆ ಶಿಲುಬೆಯ ಆಕಾರದ ಜಾಯಿಂಟು. ಮೆಕ್ಯಾನಿಕ್ಕರು ಅದನ್ನು ಕ್ರಾಸ್ ಎನ್ನುತ್ತಾರೆ. ಮುಂದಿನ ಕ್ರಾಸಿನ ಗ್ರೀಸು ಒಣಗಿ, ಒಳಗೆ ತೇಯುತ್ತಿದೆ ಎಂದು ಹೊಳಬಸಪ್ಪನಿಗೆ ಹದಿನೈದು ದಿನದಿಂದ ಗೊತ್ತಿತ್ತು. ಆ ಸದ್ದನ್ನು ಅವನು ಮೂರು ವರ್ಷದಿಂದ ಗಾಡಿಯೇ ಇಲ್ಲದ ಕಡೆಯೂ ಕೇಳುತ್ತಿದ್ದ.

ಪಕ್ಕದ ತೋಟದ ಟ್ರ್ಯಾಕ್ಟರಿನವರ ಗ್ರೀಸ್ ಗನ್ನು ಇಸಿದುಕೊಂಡು ಬಂದು ಗಾಡಿಯ ಕೆಳಗೆ ಮಲಗಿದ. ಕ್ರಾಸಿನೊಳಕ್ಕೆ ಗ್ರೀಸು ಹೊಡೆದ. ಯಾವುದನ್ನೂ ಬಿಚ್ಚಲಿಲ್ಲ. ಶಾಫ್ಟನ್ನು ಕೈಯಿಂದ ಹಿಡಿದು ಅಲುಗಾಡಿಸಿ ಸಹ ನೋಡಲಿಲ್ಲ. ಎದ್ದು ಬಂದು ಒಂದು ಸುತ್ತು ಗಾಡಿ ನಡೆಸಿದ. ಚೀಂವ್ ಎನ್ನುವುದು ನಿಂತಿತ್ತು.

“ಹೋತ್ರಿ ಅಜ್ಜಾರ.”

“ಹೋತೋ, ಸುಮ್ಮನಾತೋ?”

“ಈಗ ಕೇಳಸೂದಿಲ್ರಿ.”

“ಅದನ್ನ ನಾ ಕೇಳಲಿಲ್ಲ.”

ಹೊಳಬಸಪ್ಪ ಕೈಗೆ ಹತ್ತಿದ ಗ್ರೀಸನ್ನು ಮರಳಿಗೆ ತಿಕ್ಕತೊಡಗಿದ.

ಮರುದಿನ ಗುರುವಾರ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಮುದುಕ, ಜ್ವರದ ಇಬ್ಬರು ಹೆಂಗಸರು, ಒಬ್ಬಳು ತುಂಬು ಬಸುರಿ. ಎಲ್ಲರೂ ಹಿಂದೆ ಹತ್ತಿ ಕೂತರು. ಅಜ್ಜಾರು ಕೀಲಿಯನ್ನು ಹೊಳಬಸಪ್ಪನ ಕೈಗಿಟ್ಟರು.

“ಇವತ್ತ ನೀ ನಡಸು.”

ತಾವು ರೋಗಿಗಳ ನಡುವೆ ಒಂದು ಖಾಲಿ ಚೀಲದ ಮೇಲೆ ಕೂತರು.

ಹೊಳಬಸಪ್ಪ ಸ್ಟೇರಿಂಗ್ ಮುಂದೆ ಕೂತ. ಕೀಲಿ ತೂರಿಸಿದ. ಕನ್ನಡಿಯಲ್ಲಿ ಆ ಬಸುರಿ ಹುಡುಗಿ ಕಾಣುತ್ತಿದ್ದಳು. ಕುಲುಕಾಟಕ್ಕೆ ತಯಾರಾಗಿ ಒಂದು ಕೈಯಿಂದ ಹೊಟ್ಟೆ, ಇನ್ನೊಂದರಿಂದ ಗಾಡಿಯ ಕಂಬಿ ಹಿಡಿದಿದ್ದಳು.

“ನಡಿ,” ಅಂದರು ಅಜ್ಜಾರು.

ಕೈ ತಿರುಗಲಿಲ್ಲ.

“ಯಾಕೋ? ಬಿಸಲ ಏರತೈತಿ, ನಡಿ.”

ಹೊಳಬಸಪ್ಪ ಬಾಗಿಲು ತೆಗೆದು ಕೆಳಗೆ ಜಿಗಿದ. “ಇಳೀರಿ!” ಎಂದು ಕೂಗಿದ. “ಎಲ್ಲಾರೂ ಇಳೀರಿ. ಈ ಗಾಡಿ ಹೋಗೂದಿಲ್ಲ.”

ರೋಗಿಗಳು ಗಾಬರಿಯಿಂದ ಇಳಿದರು. ಅಜ್ಜಾರು ಅವರನ್ನು ರಸ್ತೆಗೆ ಕರೆದೊಯ್ದು ಬಸ್ಸಿಗೆ ಹತ್ತಿಸಿ ಬಂದರು. ಹೊಳಬಸಪ್ಪ ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ.

“ನಿನ್ನೆ ಹೋತು ಅಂದಿ.”

“ಸುಳ್ಳ ಹೇಳಿದ್ನಿರಿ.”

ಅಜ್ಜಾರು ಅವನ ಎದುರು ಕೂತರು. ಹೊಳಬಸಪ್ಪ ನೆಲ ನೋಡುತ್ತ ಹೇಳಿದ.

“ದಾವಲಸಾಬ ಅಂತ ಡ್ರೈವರ್ ಇದ್ದ್ರಿ. ನನಗ ಅಣ್ಣಾ ಅಂತಿದ್ದ. ಅವನ ಪಿಕಪ್ ಇದ ಸದ್ದ ಮಾಡತಿತ್ತು. ಹೊಸಾ ಕ್ರಾಸ್ ಹುಬ್ಬಳ್ಳಿಯಿಂದ ಬರಾಕ ಎರಡ ದಿನ ಬೇಕಿತ್ತು. ಗಾಡ್ಯಾಗ ದ್ರಾಕ್ಷಿ ತುಂಬಿತ್ತು, ಕೆಡತಾವಣ್ಣಾ ಅಂದ. ನಾ ಗ್ರೀಸ್ ಹೊಡದೆ. ಸದ್ದ ನಿಂತಿತು. ಏನೂ ಆಗೂದಿಲ್ಲ, ಹೋಗು ಅಂದ್ನಿ.”

“ಆಮ್ಯಾಲೆ?”

“ದಾರ್ಯಾಗ ಕ್ರಾಸ್ ಮುರೀತು. ಶಾಫ್ಟ್ ಕಳಚಿ ಬಿದ್ದು ರಸ್ತೆಗೆ ನಾಟಿತು. ಗಾಡಿ ಪಲ್ಟಿ ಆತು. ಅಲ್ಲೇ ಹೋದ.”

“ಮಂದಿ ಏನಂದ್ರು?”

“ನಿದ್ದಿಗಣ್ಣಾಗ ನಡಸಿದ ಅಂದ್ರು. ನಜ್ಜುಗುಜ್ಜಾದ ಗಾಡಿ ನನ್ನ ಗ್ಯಾರೇಜಿಗೇ ತಂದು ಹಾಕಿದ್ರು. ಮುರದ ಕ್ರಾಸ್ ನನ್ನ ಕೈಗೇ ಸಿಕ್ತು. ಯಾರಿಗೂ ತೋರಸಲಿಲ್ರಿ. ಬಾವ್ಯಾಗ ಒಗದ್ನಿ.”

“ಇದನ್ನ ಯಾರ್ಯಾರಿಗೆ ಹೇಳಿದಿ?”

“ಈಗ ನಿಮಗ.”

ಅಜ್ಜಾರು ಎದ್ದು ನಿಂತರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಮೊದಲ ಗಾಡಿ ರಿಪೇರಿ ಮಾಡು,” ಅಂದರು.

ಹೊಳಬಸಪ್ಪ ಗಾಲಿಗಳಿಗೆ ಕಲ್ಲು ಕೊಟ್ಟು ಕೆಳಗೆ ತೂರಿದ. ಶಾಫ್ಟು ಇದ್ದ ಹಾಗೇ ಮತ್ತೆ ಕೂರಬೇಕು, ಇಲ್ಲದಿದ್ದರೆ ಗಾಡಿ ನಡುಗುತ್ತದೆ. ಅದಕ್ಕೇ ಎರಡೂ ಕಡೆ ಸುಣ್ಣದ ಗುರುತು ಹಾಕಿ ಬೋಲ್ಟು ಬಿಚ್ಚಿದ. ಕ್ರಾಸು ಹೊರಗೆ ಬಂತು. ಅದರ ನಾಲ್ಕೂ ತುದಿಗೆ ಕೂರಿಸಿದ ಟೊಪ್ಪಿಗೆಗಳೊಳಗೆ ಸೂಜಿಯಂತಹ ಸಣ್ಣ ಸಣ್ಣ ಕಡ್ಡಿಗಳಿರಬೇಕು. ಅರ್ಧದಷ್ಟು ಇರಲೇ ಇಲ್ಲ. ಅಲ್ಲಿದ್ದದ್ದು ನಿನ್ನೆಯ ಗ್ರೀಸಿಗೆ ಅಂಟಿದ ಕೆಂಪು ತುಕ್ಕಿನ ಪುಡಿ.

ಅಜ್ಜಾರು ಅಂಗೈ ಚಾಚಿದರು. ಹೊಳಬಸಪ್ಪ ಆ ಪುಡಿಯನ್ನು ಬೆರಳಿನಿಂದ ಬಳಿದು ಅದರಲ್ಲಿಟ್ಟ.

“ಇವತ್ತ ಹೋಗಿದ್ರ ಆಸ್ಪತ್ರೀ ತನಕ ಮುಟ್ಟತಿದ್ವೇನು?”

“ಮುಟ್ಟಬಹುದಿತ್ರಿ. ಮುಟ್ಟದನೂ ಇರಬಹುದಿತ್ತು.”

“ನಿನಗ ಗೊತ್ತಿತ್ತು.”

“ಗೊತ್ತಿತ್ರಿ.”

ಹೊಸ ಕ್ರಾಸು ಮೂರನೆಯ ದಿನ ಬಸ್ಸಿನಲ್ಲಿ ಬಂತು. ಹೊಳಬಸಪ್ಪ ಅದನ್ನು ಕೂರಿಸಿದ, ಗುರುತಿಗೆ ಗುರುತು ಸೇರಿಸಿ ಶಾಫ್ಟು ಕಟ್ಟಿದ. ಪ್ರತಿ ಬೋಲ್ಟನ್ನೂ ಎರಡೆರಡು ಸಲ ಬಿಗಿದ. ದಡದ ಏರಿಯ ಮೇಲೆ ನಡೆಸಿ ನೋಡಿದ. ಚೀಂವ್ ಇಲ್ಲ, ಟಣ್ ಎನ್ನುವ ಪೆಟ್ಟೂ ಇಲ್ಲ.

“ಈಗ ಹೋತ್ರಿ ಅಜ್ಜಾರ.”

“ಹಂಗಾರ ನಡಿ.” ಅಜ್ಜಾರು ಪಕ್ಕದಲ್ಲಿ ಹತ್ತಿ ಕೂತರು.

“ಎಲ್ಲಿಗ್ರಿ?”

“ದಾವಲಸಾಬನ ಮನಿಗೆ.”

ಎರಡು ತಾಸಿನ ದಾರಿ. ಓಣಿಯಲ್ಲಿ ಗಾಡಿ ನಿಲ್ಲಿಸಿದಾಗ ಅಜ್ಜಾರು ಇಳಿಯಲಿಲ್ಲ.

ದಾವಲಸಾಬನ ಹೆಂಡತಿ ಮಾಬೂಬಿ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. “ಬಾ ಅಣ್ಣಾ, ಎಷ್ಟ ದಿನಕ್ಕ ಬಂದಿ,” ಎಂದು ಎದ್ದು ನೀರು ತಂದಿಟ್ಟಳು. ಹೊಳಬಸಪ್ಪ ಮುಟ್ಟಲಿಲ್ಲ. ಕೂರಲೂ ಇಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಗ್ರೀಸು, ಏನೂ ಆಗೂದಿಲ್ಲ ಎಂದ ಮಾತು, ಬಾವಿಗೆ ಎಸೆದ ಕಬ್ಬಿಣ.

“ಅವರು ನಿದ್ದಿ ಮಾಡಿರಲಿಲ್ಲೇನು?” ಅಂದಳು ಮಾಬೂಬಿ.

“ಇಲ್ಲ ತಂಗಿ.”

ಅವಳು ಕೌದಿಯನ್ನು ಮಡಚಿದಳು. ಮತ್ತೆ ಬಿಚ್ಚಿದಳು.

“ಹೆಣ ಬಾಗಲಿಗೆ ತಂದಾಗ ನಾ ಅಳಲಿಲ್ಲ. ಚಲೋತ್ನಂಗ ಮಲಗಿ ಎದ್ದು ಹೋಗ್ರಿ ಅಂದಿದ್ದೆ. ನನ್ನ ಮಾತ ಕೇಳಲಿಲ್ಲ, ಮಕ್ಕಳನ್ನ ಬೀದಿಗೆ ತಂದ್ರು ಅಂತ ಸಿಟ್ಟು. ಮೂರ ವರ್ಷ ಅವರನ್ನ ಬೈಕೋತ ಬಂದೇನಿ.”

ಅವಳು ಹೋಗಿ ಓಣಿಯ ಬಾಗಿಲನ್ನು ಪೂರ್ತಿ ತೆರೆದಳು. ಅಕ್ಕಪಕ್ಕದವರನ್ನು ಹೆಸರು ಹಿಡಿದು ಕೂಗಿದಳು. ಹತ್ತು ಹನ್ನೆರಡು ಮಂದಿ ಸೇರಿದರು.

“ಈಗ ಇನ್ನೊಮ್ಮೆ ಹೇಳು. ಗಟ್ಟಿ ಹೇಳು.”

ಹೊಳಬಸಪ್ಪ ಹೇಳಿದ. ನಡುವೆ ದನಿ ಬಿದ್ದುಹೋಯಿತು. “ಕೇಳಸವಲ್ದು,” ಅಂದಳು ಮಾಬೂಬಿ. ಅವನು ಮೊದಲಿನಿಂದ ಹೇಳಿದ.

ಒಬ್ಬ ಮುದುಕ ಉಗುಳಿದ. ಯಾರೋ ಬಂದು ಹೊಳಬಸಪ್ಪನ ಅಂಗಿಯ ಕೊರಳಪಟ್ಟಿ ಹಿಡಿದರು.

“ಬಿಡ್ರಿ,” ಅಂದಳು ಮಾಬೂಬಿ. ಆಮೇಲೆ ಅವನ ಕಡೆ ತಿರುಗಿದಳು. “ನನ್ನ ಅಣ್ಣ ಅಲ್ಲ ನೀನು. ಈ ಓಣ್ಯಾಗ ಮತ್ತ ಕಾಲ ಇಡಬ್ಯಾಡ.”

ಬಾಗಿಲು ಮುಚ್ಚಿತು. ಮಂದಿ ಒಬ್ಬೊಬ್ಬರಾಗಿ ಕರಗಿದರು.

ಹೊಳಬಸಪ್ಪ ಬಂದು ಗಾಡಿಯಲ್ಲಿ ಕೂತ. ಅಂಗಿಯ ಮೇಲಿನ ಎರಡು ಗುಂಡಿ ಕಿತ್ತುಹೋಗಿದ್ದವು.

“ಅಜ್ಜಾರ, ಹೇಳಿದ್ರ ಹಗುರ ಆಗತೈತಿ ಅಂತ ತಿಳಕೊಂಡಿದ್ದೆ. ಆಗಲಿಲ್ರಿ.”

ಅಜ್ಜಾರ ಮುಖ ಆ ಮುಚ್ಚಿದ ಬಾಗಿಲ ಕಡೆ ಇತ್ತು. ಒಳಗಿನಿಂದ ಒಂದು ದನಿ ಬರುತ್ತಿತ್ತು. ಮೊದಲು ಸಣ್ಣಗೆ, ಆಮೇಲೆ ಓಣಿಯ ತುದಿಯ ತನಕ ಕೇಳುವಷ್ಟು.

ಅಲ್ಲಿಂದ ಓಡಿಹೋಗಬೇಕೆನ್ನಿಸಿ ಹೊಳಬಸಪ್ಪ ಗಾಡಿ ಚಾಲೂ ಮಾಡಲು ಹೋದ. ಅಜ್ಜಾರು ಅವನ ಕೈ ಮೇಲೆ ಕೈಯಿಟ್ಟು ತಡೆದರು.

“ತಡಿ. ಆಕಿ ಗಂಡನ ಸಲುವಾಗಿ ಅಳಾಕತ್ತಾಳ.”