ಹನ್ನೊಂದು ಮನೆಯ ಮಾತು

ಹೊಳೆದಂಡೆಯ ಆಶ್ರಮವೊಂದರಲ್ಲಿ ಮಲ್ಲಿನಾಥನೆಂಬ ಶಿಷ್ಯನಿದ್ದ. ಬಲು ಚುರುಕು. ಆ ಚುರುಕೇ ಮುಳುವಾಯಿತೆನ್ನಿ.

ಒಮ್ಮೆ ಹರಿಗೋಲು ಮಗುಚಿ ನಾಲ್ವರು ಸತ್ತರು. ಅಂಬಿಗ ದುರ್ಗ ಈಜಿ ಬದುಕಿಕೊಂಡ. "ತಪ್ಪು ಯಾರದೆಂದು ಊರವರನ್ನು ವಿಚಾರಿಸಿ ತಿಳಿಸಿ" ಎಂದು ಊರಗೌಡ ಆಶ್ರಮಕ್ಕೆ ಹೇಳಿಕಳಿಸಿದ. ಗುರುಗಳು ಮಲ್ಲಿನಾಥನನ್ನು ಕಳಿಸಿದರು.

ಮಧ್ಯಾಹ್ನದೊಳಗೆ ಅವನು ಹಿಗ್ಗುತ್ತಾ ಮರಳಿದ.

"ಹನ್ನೊಂದು ಮನೆ, ಗುರುಗಳೇ! ಹನ್ನೊಂದರಲ್ಲೂ ಒಂದೇ ಮಾತು. ದುರ್ಗ ಕುಡಿದಿದ್ದ. ಎಲ್ಲ ಬರೆದು, ದಾರಿಯಲ್ಲೇ ಗೌಡರ ಕೈಗೆ ಕೊಟ್ಟುಬಂದೆ."

"ಏನೆಂದು ಕೇಳಿದೆ?"

"'ದುರ್ಗ ಕುಡಿದಿದ್ದನಲ್ಲವೇ?' ಅಂತ."

"ಹಾಗಾದರೆ ಹನ್ನೆರಡು ಬಾಯಿ. ಮೊದಲನೆಯದು ನಿನ್ನದು."

ಗುರುಗಳು ಕೋಲು ಹಿಡಿದು ಎದ್ದರು.

"ಗೌಡನನ್ನು ತಡೆಯಲು ನಾನು ಹೋಗುತ್ತೇನೆ. ಮಗಳನ್ನು ಕಳೆದುಕೊಂಡ ತಿಪ್ಪವ್ವನ ಹತ್ತಿರ ನೀನು ಹೋಗು. 'ಏನಾಯಿತವ್ವಾ' ಅನ್ನು. ಆಮೇಲೆ ನಾಲಿಗೆ ಕಚ್ಚಿಕೊಂಡು ಕೂತಿರು."

ತಿಪ್ಪವ್ವ ನವಣೆ ಕೇರುತ್ತಿದ್ದಳು. 'ಏನಾಯಿತವ್ವಾ' ಎಂದು ಕೇಳಿ ಮಲ್ಲಿನಾಥ ಎದುರಿಗೆ ಕೂತ. ಒಂದು ಮೊರ ಮುಗಿಯಿತು. ಎರಡು ಮುಗಿಯಿತು. 'ಎಲ್ಲ ದೈವೇಚ್ಛೆ, ತಾಯಿ' ಎಂಬ ಮಾತು ಅವನ ಗಂಟಲವರೆಗೆ ಬಂತು. ನುಂಗಿಕೊಂಡ.

ಮೂರನೆಯ ಮೊರಕ್ಕೆ ಅವಳ ಕೈ ನಿಂತಿತು.

"ಆರು ಮಂದಿಗಿಂತ ಹೆಚ್ಚು ಬೇಡ ಅಂತ ದುರ್ಗ ಕೈ ಮುಗಿದ. 'ಹೊಳೆಗೆ ಹೆದರೋ ನೀನೆಂಥ ಅಂಬಿಗನೋ' ಅಂತ ಹಂಗಿಸಿದೋಳು ನಾನೇ. ಹತ್ತು ಮಂದಿ ಹತ್ತಿದ್ವಿ."

"ಕುಡಿದಿದ್ದ ಅಂತ ಬೆಳಿಗ್ಗೆ ನೀನೂ ಅಂದೆಯಲ್ಲವ್ವಾ?"

"ಅಂದೋರು ನೀವು, ಸ್ವಾಮಿ. ನಾವು ಹ್ಞೂಂ ಅಂದ್ವಿ. ಮಗಳನ್ನ ನಾನೇ ಕೊಂದೆ ಅನ್ನೋದಕ್ಕಿಂತ ಅದು ಹಗುರ ಇತ್ತು."

ಮಲ್ಲಿನಾಥ ಎದ್ದು ಓಡಿದ. ಹೊಳೆದಂಡೆಯಲ್ಲಿ ಜನ ಸೇರಿದ್ದರು. ಗುರುಗಳು ಮುಟ್ಟುವಷ್ಟರಲ್ಲೇ ಇನ್ನು ಹರಿಗೋಲು ನಡೆಸಕೂಡದೆಂದು ಗೌಡ ತೀರ್ಪು ಕೊಟ್ಟು, ದುರ್ಗನ ಹುಟ್ಟುಗೋಲನ್ನು ಎಲ್ಲರೆದುರು ಮುರಿಸಿದ್ದ. ದುರ್ಗ ಅಲ್ಲಿಂದಲೇ ಮಡುವಿಗಿಳಿದಿದ್ದ. ಈಜಿರಲಿಲ್ಲ.

ದಡಕ್ಕೆಳೆದ ಹೆಣದ ಬದಿಗೆ ಗುರುಗಳು ನಿಂತಿದ್ದರು. ಮಲ್ಲಿನಾಥ ಅದರ ಕಾಲ ಬಳಿ ಕೂತ.

"ಹನ್ನೊಂದು ಮನೆ ಸುತ್ತಿದೆ, ಗುರುಗಳೇ. ಇವನ ಮನೆಯೊಂದಕ್ಕೆ ಹೋಗಲಿಲ್ಲ."

"ಈಗ ಹೋಗು. ಹೆಂಡತಿ ಇದ್ದಾಳೆ."

"ಹೋಗಿ ಏನು ಕೇಳಲಿ?"

"ಏನೂ ಕೇಳಬೇಡ. ಈ ಸಲ ಕೇಳುವವಳು ಅವಳು."