ಈಜು ಕಲಿಸಿದ ಗಾದಿಲಿಂಗ

ಕೂತುಕೊಳ್ಳಿ, ಹೇಳ್ತೀನಿ. ಬಹಳ ಹಿಂದಿನ ಮಾತು. ಈ ಹೊಳೆಗೆ ಸೇತುವೆ ಅಂಬೋದೇ ಇಲ್ಲದ ಕಾಲ. ನನಗೆ ನನ್ನ ಅಜ್ಜಿ ಹೇಳಿದ್ದು, ಅವಳಿಗೆ ಅವಳ ಅಜ್ಜಿ ಹೇಳಿದ್ದು. ಈ ದಂಡೆಗೆ ಒಂದು ಸಣ್ಣ ಊರಿತ್ತಂತೆ, ಆ ದಂಡೆಗೆ ಊರವರ ಹೊಲಗಳಿದ್ದವಂತೆ. ನಡುವೆ ಗಾದಿಲಿಂಗನ ಹರಗೋಲು.

ಗಾದಿಲಿಂಗ ಅಂಬಿಗ. ಬೆಳಿಗ್ಗೆ ಊರನ್ನು ಆಚೆ ಬಿಡುವವನು, ಸಂಜೆ ಈಚೆ ತರುವವನು. ಬಿದಿರು ಹೆಣೆದು ತೊಗಲು ಹೊದಿಸಿದ ಆ ದುಂಡನೆಯ ಹರಗೋಲಿಗೆ ಅವನು ಹುಟ್ಟು ಹಾಕುತ್ತಿದ್ದರೆ ಮಡಿಲಲ್ಲಿಟ್ಟ ಮಜ್ಜಿಗೆ ಗಡಿಗೆಯೂ ತುಳುಕುತ್ತಿರಲಿಲ್ಲ ಅಂತಾರೆ.

ಒಂದು ಸಜ್ಜೆ ಕೊಯ್ಲಿನ ಕಾಲ. ಊರಿನ ದುಡಿಯುವ ಗಂಡಸರು ಹೆಂಗಸರು ಎಲ್ಲ ಆಚೆ ದಂಡೆಗೆ ಹೋಗಿದ್ದರು. ಸಂಜೆ ಮೇಲ್ಗಡೆ ಎಲ್ಲೋ ಮಳೆಯಾಗಿ ಹೊಳೆ ಕೆಂಪಾಯಿತು. ಎರಡು ಸಲಕ್ಕೆ ದಾಟೋಣ ಅಂದನಂತೆ ಗಾದಿಲಿಂಗ. ನೀರು ಏರುತ್ತಿರುವಾಗ ಹಿಂದೆ ಉಳಿಯುವವರು ಯಾರು ಅಂತ ಎಲ್ಲರೂ ಒಂದೇ ಸಲ ಹತ್ತಿದರಂತೆ. ಅವನು ಬೇಡ ಅನ್ನಲಿಲ್ಲ. ನಡುಹೊಳೆಯಲ್ಲಿ ಸುಳಿಗೆ ಸಿಕ್ಕಿ ಹರಗೋಲು ಮೂರು ಸುತ್ತು ತಿರುಗಿ ಮಗುಚಿತು.

ಅವನು ಏಳು ಸಲ ಮುಳುಗಿ ಹುಡುಕಿದ ಅಂತಾರೆ. ಎಪ್ಪತ್ತು ಸಲ ಅನ್ನುವವರೂ ಇದ್ದಾರೆ. ಬಳೆ ತೊಟ್ಟ ಕೈಯೊಂದು ಸಿಕ್ಕಿತ್ತಂತೆ, ಜಾರಿತಂತೆ. ದಂಡೆಗೆ ಬಂದವನು ಅವನೊಬ್ಬನೇ.

ಆಮೇಲೆ ಆ ಊರಲ್ಲಿ ಉಳಿದದ್ದು ನರೆತ ತಲೆಗಳು ಮತ್ತು ಎಳೆ ಮಕ್ಕಳು. ನಡುವಿನವರು ಇಲ್ಲ. ಮುದುಕರು ಈ ಗೋಡೆಗೆ ಒರಗಿ ಕೂರುವರು, ಮಕ್ಕಳು ಆ ಗೋಡೆಗೆ. ಆಚೆಯ ಹೊಲಗಳು ಬೀಳುಬಿದ್ದವು. ಈಚೆಯ ಕಲ್ಲುನೆಲದಲ್ಲಿ ಬೆಳೆದಷ್ಟೇ ಅಂಬಲಿ. ಅಜ್ಜಿಯರು ಕಾಸಿ ಇಡುವರು, ಮಕ್ಕಳು ಕುಡಿಯುವರು. ಮಾತಿಲ್ಲ. ಮಾತಾಡಿದರೆ ಹೋದವರ ಹೆಸರು ಬಾಯಿಗೆ ಬರುತ್ತದಲ್ಲ. ಹೊಳೆ ಕಡೆ ಹೋದರೆ ಕಾಲು ಮುರೀತೀನಿ, ಇದೊಂದೇ ಮಾತು.

ಗಾದಿಲಿಂಗನ ಜೊತೆಗಂತೂ ಯಾರೂ ಮಾತಾಡಲಿಲ್ಲ. ಆ ಹರಗೋಲಿನಲ್ಲಿ ಅವನ ಹೆಂಡತಿಯೂ ಇದ್ದಳು ಅನ್ನುವುದನ್ನು ಊರು ಮರೆತೇಬಿಟ್ಟಿತು. ಅವನು ದಂಡೆಯಲ್ಲೇ ಗುಡಿಸಲು ಹಾಕಿದ, ಸುತ್ತ ಸೋರೆ ಬೀಜ ಊರಿದ. ಕಾಯಿ ಬಲಿತು ಒಣಗಿದ ಮೇಲೆ, ಬೆನ್ನಿಗೆ ಕಟ್ಟಿಕೊಂಡು ತೇಲಲಿಕ್ಕೆ ಅಂತ, ಎರಡೆರಡು ಬುರುಡೆ ಹಗ್ಗದಲ್ಲಿ ಬಿಗಿದು ಹೊಂಗೆ ಮರಕ್ಕೆ ನೇತುಹಾಕಿದ. ದಿನಾ ಬೆಳಿಗ್ಗೆ ಎದೆಮಟ್ಟ ನೀರಲ್ಲಿ ನಿಂತು, "ಈಜು ಕಲಸ್ತೀನಿ, ಬರ್ರೀ!" ಅಂತ ಊರ ಕಡೆ ಕೂಗುತ್ತಿದ್ದನಂತೆ. ಒಂದು ಬೇಸಿಗೆ ಇಡೀ ಕೂಗಿದ. ಯಾರೂ ಬರಲಿಲ್ಲ. ಮರುಬೇಸಿಗೆಯೂ ಕೂಗಿದ.

ಆ ಬೇಸಿಗೆಯಲ್ಲಿ ಸುಂಕ್ಲಮ್ಮ ಅನ್ನೋ ಮುದುಕಿಯ ಮೊಮ್ಮಗಳು ಹೊನ್ನೂರಿ, ಏಳು ವರ್ಷದ ಹುಡುಗಿ, ಅವ್ವ ಹೋದ ಜಾಗ ನೋಡಬೇಕು ಅಂತ ಹೊಳೆಗೆ ಓಡಿಬಂತು. ಸುಂಕ್ಲಮ್ಮ ಕೋಲೂರಿಕೊಂಡು ಹಿಂದೆಯೇ ಬಂದಳು. ನೋಡಿದರೆ ಹುಡುಗಿ ಮೊಣಕಾಲುಮಟ್ಟ ನೀರಲ್ಲಿದೆ. ಗಾದಿಲಿಂಗ ನಾಲ್ಕು ಮಾರು ದೂರದಲ್ಲಿ, ಮುಟ್ಟುವ ಧೈರ್ಯವಿಲ್ಲದೆ, ಎರಡೂ ಕೈ ಚಾಚಿಕೊಂಡು ನಿಂತಿದ್ದಾನೆ.

"ನನ್ನ ಮಗಳು ಹೋದ್ಲು. ನೀ ಹೆಂಗ ಉಳದ್ಯೋ?" ಅಂದಳು ಮುದುಕಿ. ಅಷ್ಟು ದಿನದಲ್ಲಿ ಊರು ಅವನ ಜೊತೆ ಆಡಿದ ಮೊದಲ ಮಾತು ಅದು.

"ಈಜು ಬರ್ತಿತ್ತವ್ವಾ," ಅಂದ ಗಾದಿಲಿಂಗ. "ಅಷ್ಟ."

ಮುದುಕಿ ಹೊಂಗೆ ಮರದ ಬುರುಡೆಗಳನ್ನು ನೋಡಿದಳಂತೆ. ಆಮೇಲೆ ಬುರುಡೆ ಇಳಿಸಿ ಇದರ ಬೆನ್ನಿಗೆ ಕಟ್ಟು ಅಂದಳು. ಹುಡುಗಿ ಒಲ್ಲೆ ಅಂತು.

"ಅಜ್ಜಿ ಇಳಿದ್ರ ಇಳೀತೀನಿ."

"ನಂಗ ಅರವತ್ತಾತು, ಹುಚ್ಚಿ! ಅಂಜಿಕಿ ಆಗ್ತತಿ."

"ನಂಗೂ ಆಗ್ತತಿ," ಅಂತು ಹುಡುಗಿ.

ಸುಂಕ್ಲಮ್ಮ ಕೋಲು ಬಿಸಾಕಿ ಸೀರೆ ಕಚ್ಚೆ ಕಟ್ಟಿದಳು. ಆ ದಿನ ಅವಳು ಕುಡಿದ ನೀರಿಗೆ ಹೊಳೆಯೇ ಒಂದು ಗೇಣು ಇಳಿಯಿತು ಅಂತ ಈಗಲೂ ನಗುತ್ತಾರೆ. ಹುಡುಗಿ ಬೇಗ ಕಲಿಯಿತು. ಎಂಟು ದಿನಕ್ಕೆ ತಾನೇ ಅಜ್ಜಿಯ ಹೊಟ್ಟೆ ಕೆಳಗೆ ಅಂಗೈ ಇಟ್ಟು, "ಕಾಲು ಬಡಿ ಅಜ್ಜಿ, ಬಡಿ," ಅನ್ನುತ್ತಿತ್ತು. ದಣಿದು ಇಬ್ಬರೂ ಬಂಡೆಯ ಮೇಲೆ ಒಣಗುವಾಗ, "ನಿಮ್ಮವ್ವನೂ ನಿನ್ನಂಗ ಹಟಮಾರಿ ಇದ್ಲು," ಅಂತ ಸುಂಕ್ಲಮ್ಮ ತಾನಾಗಿ ಮಾತು ತೆಗೆದಳಂತೆ.

ಅದನ್ನು ನೋಡಿ ಊರು ಒಬ್ಬೊಬ್ಬರಾಗಿ ಬಂತು. ಗಾದಿಲಿಂಗ ಒಂದೇ ಕಟ್ಟಳೆ ಮಾಡಿದ: ಒಬ್ಬರೇ ಇಳಿಯುವ ಹಾಗಿಲ್ಲ. ಒಂದು ನರೆತಲೆಗೆ ಒಂದು ಎಳೆಯದು. ಮೊಮ್ಮಕ್ಕಳಿಲ್ಲದ ಮುದುಕರಿಗೆ ಹಿರಿಯರಿಲ್ಲದ ಮಕ್ಕಳನ್ನು ಜೋಡಿ ಮಾಡಿದ. ಹಾಗೆ ಜೋಡಿಯಾದವರು ಆಮೇಲೆ ಒಂದೇ ಮನೆಯಲ್ಲಿ ಉಂಡರು ಅಂತಾರೆ. ಅವನು ಮಾತ್ರ ಯಾರನ್ನೂ ಮುಟ್ಟುತ್ತಿರಲಿಲ್ಲ. ದೂರ ನಿಂತು ಬಾಯಲ್ಲೇ ಹೇಳಿಕೊಡುತ್ತಿದ್ದ. ಅವರು ಬಂಡೆಯ ಮೇಲೆ ಬುತ್ತಿ ಬಿಚ್ಚುವಾಗ ಗುಡಿಸಲಿಗೆ ಹೋಗಿಬಿಡುತ್ತಿದ್ದ. ಬಾ ಅಂತ ಯಾರೂ ಕರೆಯಲೂ ಇಲ್ಲ.

ಮೂರನೆಯ ಬೇಸಿಗೆಯ ಕೊನೆ, ಹೊಳೆಗೆ ಇನ್ನೂ ಮಳೆನೀರು ಬರದಿದ್ದಾಗ, ಬಿತ್ತನೆಗೆ ಅಂತ ಊರಿಗೆ ಊರೇ ಬೀಜದ ಗಂಟು ತಲೆಗೆ ಕಟ್ಟಿಕೊಂಡು ನೀರಿಗಿಳಿಯಿತು. ಜೋಡಿ ಜೋಡಿಯಾಗಿ ದಾಟಿತು. ಒಬ್ಬರೂ ಮುಳುಗಲಿಲ್ಲ. ಆಚೆ ದಂಡೆಯ ಮಣ್ಣು ಮುಟ್ಟಿ ಮುದುಕರು ಗೋಳೋ ಅಂತ ಅತ್ತರಂತೆ, ಮಕ್ಕಳು ಅವರ ಕಣ್ಣೊರೆಸಿದರಂತೆ.

ಆಗ ಸುಂಕ್ಲಮ್ಮ ತಿರುಗಿ ನೋಡಿದಳು. ಗಾದಿಲಿಂಗ ಊರ ಕಡೆಯ ದಂಡೆಯಲ್ಲೇ ಇದ್ದ, ಎದೆಮಟ್ಟ ನೀರಲ್ಲಿ. ಕಟ್ಟಳೆ ಮಾಡಿದವನಿಗೆ ಜೋಡಿ ಇರಲಿಲ್ಲ. ಅಷ್ಟು ದಿನ ಅದು ಯಾರ ತಲೆಗೂ ಹೊಳೆದಿರಲಿಲ್ಲ.

"ಗಾದಿಲಿಂಗಾ! ಬಾರಪ್ಪಾ, ನಾ ಬರ್ತೀನಿ ಜೋಡಿ!" ಅಂತ ಅವಳು ಕೂಗಿದಳಂತೆ. ಗಾಳಿ ಎದುರಿತ್ತು. ಮುದುಕಿಯ ದನಿ ನಡುಹೊಳೆಯನ್ನೂ ದಾಟಲಿಲ್ಲ. ಅವನು ಒಂದು ಗಳಿಗೆ ನಿಂತ, ಎಲ್ಲರೂ ದಂಡೆ ಮುಟ್ಟಿದ್ದನ್ನು ನೋಡಿದ, ನೀರಿನಿಂದ ಮೇಲೆದ್ದು ಹೊಳೆಗುಂಟ ನಡೆದುಬಿಟ್ಟ. ಸುಂಕ್ಲಮ್ಮ ಹೊನ್ನೂರಿಯನ್ನು ಕರೆದುಕೊಂಡು ಈಜಿ ಬರುವಷ್ಟರಲ್ಲಿ ಗುಡಿಸಲು ಖಾಲಿ. ಕೆಳಗಿನ ಊರುಗಳಲ್ಲೂ ಈಜು ಕಲಿಸಿದ ಅಂತ ಕೆಲವರು ಹೇಳುತ್ತಾರೆ. ಹೆಂಡತಿಯನ್ನು ಹುಡುಕಿಕೊಂಡು ಸಮುದ್ರದ ತನಕ ಹೋದ ಅಂತ ಕೆಲವರು. ಕಂಡವರು ಯಾರೂ ಇಲ್ಲ.

ಈಗಲೂ ಬೇಸಿಗೆಯಲ್ಲಿ ಆ ಊರಿನ ಅಜ್ಜಂದಿರು, ಅಜ್ಜಿಯರು, ಮಕ್ಕಳು ಕೈ ಹಿಡಿದುಕೊಂಡು ಹೊಳೆಗೆ ಬರುತ್ತಾರೆ. ಇಳಿಯುವ ಮುಂಚೆ ದಂಡೆಯಲ್ಲಿ ಸಾಲಾಗಿ ನಿಂತು, "ಗಾದಿಲಿಂಗಾ, ಬಾರಪ್ಪಾ!" ಅಂತ ಮೂರು ಸಲ ಗಟ್ಟಿಯಾಗಿ ಕೂಗುತ್ತಾರೆ. ಇಲ್ಲಿಯ ತನಕ ಯಾರೂ ಓಗೊಟ್ಟಿಲ್ಲ. ಆದರೂ ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ನೀರಿಗಿಳಿಯುತ್ತಾರೆ.