ಎಲ್ಲ ಪುಟಕ್ಕೂ ಸಾಹೇಬರ ಹೆಸರು

ಊರಿನ ಗ್ರಂಥಾಲಯಕ್ಕೆ ಒಂದು ವಿಕಿ ಇತ್ತು. ಯಾವ ಪುಸ್ತಕ ಎಲ್ಲಿದೆ, ಯಾವ ಪರೀಕ್ಷೆಗೆ ಏನು ಓದಬೇಕು ಎಂದು ಓದುಗರೂ ಸಿಬ್ಬಂದಿಯೂ ಸೇರಿ ಬರೆದ ಜಾಲತಾಣ ಅದು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಪುಟದ ಕೆಳಗೆ ಬರೆದವರ ಹೆಸರು.

ಅದನ್ನು ನೋಡಲು ಜಿಲ್ಲಾಧಿಕಾರಿ ಬರುತ್ತಾರೆಂದು ತಿಳಿದದ್ದೇ ತಡ, ಗ್ರಂಥಾಲಯದ ಮುಖ್ಯಸ್ಥ ಮುದ್ದುರಂಗಪ್ಪ ಗುಮಾಸ್ತೆಯನ್ನು ಕರೆದರು. ವಿಕಿಗೆ ಒಂದಕ್ಷರ ಬರೆದ ಪುಣ್ಯಾತ್ಮರಲ್ಲ ಅವರು.

"ಎಲ್ಲ ಪುಟಕ್ಕೂ ನನ್ನ ಹೆಸರೊಂದೇ ಹಾಕು."

"ಓದುಗರು ಬರೆದದ್ದು ಸಾರ್. ಕಣ್ಣು ಕಾಣದ ಮೇಷ್ಟ್ರು ಮಗಳ ಕೈಲಿ ಬರೆಸಿದ್ದಾರೆ."

"ಅವರೆಲ್ಲ ಯಾರು? ಹೇಳಿದಷ್ಟು ಮಾಡು."

ಅವಳ ಮೈಯೆಲ್ಲ ಉರಿದುಹೋಯಿತು. "ಎಲ್ಲ ಪುಟಕ್ಕೂನಾ ಸಾರ್?"

"ಒಂದೂ ಬಿಡಬೇಡ."

ಅವಳು ಒಂದೂ ಬಿಡಲಿಲ್ಲ.

ಜಿಲ್ಲಾಧಿಕಾರಿ ಬಂದರು. 'ಇಲ್ಲಿನ ಕುಂದುಕೊರತೆ' ಎಂಬ ಪುಟ ತೆರೆದು ಎಲ್ಲರೆದುರು ಓದಿದರು. "ಹೆಂಗಸರ ಶೌಚಾಲಯಕ್ಕೆ ಚಿಲಕವಿಲ್ಲ. ಮುಖ್ಯಸ್ಥರು ಮಧ್ಯಾಹ್ನ ಬಂದು ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಅವರಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ. ಬರೆದವರು, ಮುದ್ದುರಂಗಪ್ಪ."

ಅವರು ತಲೆಯೆತ್ತಿದರು. "ತಮ್ಮ ಬಗ್ಗೆ ಇಷ್ಟು ನಿಜ ಬರೆದುಕೊಂಡ ಅಧಿಕಾರಿಯನ್ನು ನಾನು ನೋಡಿಲ್ಲ."

ಮುದ್ದುರಂಗಪ್ಪನವರ ಮುಖ ಕಪ್ಪಿಟ್ಟಿತು. "ಅದು ನಾನು ಬರೆದದ್ದಲ್ಲ ಸಾರ್. ಯಾರೋ ಓದುಗರು."

"ಹಾಗಾದರೆ ಉಳಿದ ಪುಟಗಳು?"

ಮುದ್ದುರಂಗಪ್ಪ ಗುಮಾಸ್ತೆಯ ಕಡೆ ನೋಡಿದರು.

"ಅವೂ ಓದುಗರದ್ದೇ," ಎಂದರು ಕೊನೆಗೆ.

ಆಗ ಅವಳು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದಿಟ್ಟಳು.

"ಇಲ್ಲಿ ಯಾರು ಬೇಕಾದರೂ ತಿದ್ದಬಹುದು ಸಾರ್. ಕೂತುಕೊಂಡು ಅವರವರ ಹೆಸರು ವಾಪಸ್ ಹಾಕಿ. ಮೇಷ್ಟ್ರದ್ದು ಮೊದಲು."